ಎಂಜಿನ್ ಹೇಳಿದ ಮಾತು

ಹಸು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ಕೆಚ್ಚಲು ಮುಟ್ಟಿ ನೋಡುತ್ತಾನೆ, ಒಂದು ಹೊತ್ತು ಹಾಲು ಕರೆಸುತ್ತಾನೆ. ಹಳೆಯ ಕಾರು ಕೊಳ್ಳುವವನು ಮಾತ್ರ ಬಣ್ಣಕ್ಕೆ ಮರುಳಾಗಿ ಹಣ ಎಣಿಸಿಬಿಡುತ್ತಾನೆ.

ಮೈಸೂರಿನ ಸರಸ್ವತಿಪುರದ ನಿವೃತ್ತ ಮೇಷ್ಟರೊಬ್ಬರು 2016ರಲ್ಲಿ ಹೀಗೆಯೇ ಮರುಳಾಗಿದ್ದರು. ಅವರ ಕಣ್ಣು ಬಿದ್ದದ್ದು ತೀರಿಕೊಂಡ ಗೆಳೆಯರ ಮಾರುತಿ 800ರ ಮೇಲೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರವರೆಗೂ ತಯಾರಾದ ಈ ಪುಟ್ಟ ಗಾಡಿ ಎಷ್ಟೋ ಸಂಸಾರಗಳ ಮೊದಲ ಕಾರು. ಗೆಳೆಯರದು 2006ರದು, ಮೈಮೇಲೆ ಒಂದು ಗೀರಿಲ್ಲ. ಮೇಷ್ಟರ ಪತ್ನಿಗೆ ಮಂಡಿನೋವು; ಆಟೋ ಹಿಡಿಯಲು ಬೀದಿಯ ತುದಿಯವರೆಗೆ ನಡೆಯುವುದೇ ಆಕೆಗೆ ಒಂದು ಯಾತ್ರೆ. ಗೆಳೆಯರ ಪತ್ನಿಯಾದರೋ, "ಬೆಲೆ ನೀವೇ ಹೇಳಿ, ಮೇಷ್ಟರೇ" ಎಂದುಬಿಟ್ಟಿದ್ದರು. ಆ ವಿಶ್ವಾಸವೇ ಮೇಷ್ಟರಿಗೆ ಹೊರೆಯಾಯಿತು.

ಕಾರಿನ ಕಾಗದಗಳಲ್ಲಿ ಮೊದಲ ಮೂರು ವರ್ಷಗಳ ಸರ್ವೀಸ್ ಚೀಟಿಗಳು ಅಚ್ಚುಕಟ್ಟಾಗಿದ್ದವು. ಅನಂತರ ಒಂದೆರಡು. 2011ರಿಂದಾಚೆಗೆ ಏನೂ ಇಲ್ಲ.

"ನಾಳೆ ಬೆಳಗ್ಗೆ ಬರುತ್ತೇನೆ ಸಾರ್. ಅಲ್ಲಿಯವರೆಗೆ ಯಾರೂ ಸ್ಟಾರ್ಟ್ ಮಾಡಬಾರದು" ಎಂದ, ಮೆಕ್ಯಾನಿಕ್. ಬಿಸಿಯಾದ ಎಂಜಿನ್ ತನ್ನ ಕೆಲವು ದೋಷಗಳನ್ನು ಬಚ್ಚಿಡುತ್ತದೆ. ರಾತ್ರಿಯೆಲ್ಲ ತಣ್ಣಗಿದ್ದದ್ದು ಅಷ್ಟು ಸುಲಭವಾಗಿ ಸುಳ್ಳು ಹೇಳಲಾರದು.

ಮಾರನೆಯ ದಿನ ಆತ ಮೊದಲು ಬಾನೆಟ್ಟಿನ ಮೇಲೆ ಅಂಗೈಯಿಟ್ಟು ತಂಪನ್ನು ಖಚಿತಪಡಿಸಿಕೊಂಡ. ಆಯಿಲ್ ಅಳೆಯುವ ಕಡ್ಡಿಯನ್ನು ಎಳೆದ. ಆಯಿಲ್ ಕಪ್ಪಾಗುವುದು ತಪ್ಪಲ್ಲ, ಅದು ಅದರ ಧರ್ಮ; ಆದರೆ ಇದು ಕಾಕಂಬಿಯಂತೆ ಮಂದವಾಗಿ, ಕೆಳಗಿನ ಗುರುತಿಗಿಂತಲೂ ಇಳಿದಿತ್ತು. ಆಯಿಲ್ ಹಾಕುವ ಮುಚ್ಚಳವನ್ನು ತಿರುವಿ ಒಳಮೈ ನೋಡಿದ. ಅಲ್ಲಿ ಕೆನೆಯಂಥ ಬಿಳಿ ಪದರವಿದ್ದರೆ ಆಯಿಲ್‌ಗೆ ನೀರು ಸೇರುತ್ತಿರಬಹುದೆಂಬ ಶಂಕೆ. ಪುಣ್ಯಕ್ಕೆ ಅದಿರಲಿಲ್ಲ, ಕರಿಯ ಜಿಡ್ಡು ಮಾತ್ರ ಗಟ್ಟಿಯಾಗಿ ಅಂಟಿತ್ತು.

ಸ್ಟಾರ್ಟ್ ಮಾಡಿದಾಗ ಹಿಂದಿನಿಂದ ನೀಲಿ ಹೊಗೆ ಎದ್ದಿತು. ಒಂದು ಸಲ ಎದ್ದು ನಿಂತಿದ್ದರೆ ವಾಲ್ವ್ ಸೀಲುಗಳ ದೋಷವೆಂದು ಸಮಾಧಾನಪಡಬಹುದಿತ್ತು. ಅದು ನಿಲ್ಲಲಿಲ್ಲ. ಎಂಜಿನ್ ಬಿಸಿಯಾದ ಮೇಲೆ ಆತ ಮೂರು ಪ್ಲಗ್ಗುಗಳನ್ನೂ ಬಿಚ್ಚಿ, ಒಂದೊಂದು ಸಿಲಿಂಡರಿಗೂ ಒತ್ತಡ ಅಳೆಯುವ ಗೇಜ್ ಹಿಡಿದ. ಮೊದಲೆರಡರಲ್ಲಿ ಮುಳ್ಳು 160ರ ಹತ್ತಿರ ನಿಂತಿತು. ಮೂರನೆಯದರಲ್ಲಿ 100 ದಾಟಲಿಲ್ಲ. ಆ ಪ್ಲಗ್ಗಿನ ತುದಿಯೂ ಆಯಿಲ್‌ನಿಂದ ಒದ್ದೆಯಾಗಿತ್ತು. ಪ್ಲಗ್ಗಿನ ರಂಧ್ರದಲ್ಲಿ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಮುಳ್ಳು 140ಕ್ಕೆ ಏರಿತು.

"ಪಿಸ್ಟನ್ ರಿಂಗ್ ಸವೆದಿದೆ ಸಾರ್. ಆಯಿಲ್ ಸಂದು ಮುಚ್ಚಿತು, ಅದಕ್ಕೇ ಏರಿತು. ಏರದಿದ್ದರೆ ವಾಲ್ವ್ ಕಡೆ ನೋಡಬೇಕಾಗಿತ್ತು. ಎಂಜಿನ್ ಬಿಚ್ಚಲೇಬೇಕು, ಆ ಖರ್ಚನ್ನು ಬೆಲೆಯಲ್ಲಿ ಇಳಿಸಿಕೊಳ್ಳಿ."

ಲೆಕ್ಕ ಸರಿಯಾಗಿಯೇ ಇತ್ತು. ಹೇಳುವುದು ಹೇಗೆ? ಅಷ್ಟರಲ್ಲಿ ಗೆಳೆಯರ ಪತ್ನಿ ಕಾಫಿ ತಂದರು. "ಹೇಗಿದೆ? ಪ್ರತಿ ಭಾನುವಾರ ತಾವೇ ತೊಳೆದು ಒರೆಸುತ್ತಿದ್ದರು. ಬೇರೆಯವರು ಮುಟ್ಟಲೂ ಕೂಡದು."

ಮೇಷ್ಟರು ಲೋಟವನ್ನು ಕೆಳಗಿಟ್ಟರು. "ಮೈ ಚೆನ್ನಾಗಿಟ್ಟಿದ್ದಾನೆ, ಅತ್ತಿಗೆ. ಒಳಗೆ ಮಾತ್ರ ದೊಡ್ಡ ಕೆಲಸವಿದೆ. ಕಾಲಕಾಲಕ್ಕೆ ಆಯಿಲ್ ಬದಲಾಯಿಸಿಲ್ಲ."

ಆಕೆ ತುಸು ಹೊತ್ತು ಕಾರನ್ನೇ ನೋಡಿದರು. "ಎದೆನೋವನ್ನೂ ಹಾಗೆಯೇ ಬಿಟ್ಟುಕೊಂಡಿದ್ದರಲ್ಲ, ಮೇಷ್ಟರೇ. ನಡೆಯುತ್ತಿದೆಯಲ್ಲ ಬಿಡೇ, ಅನ್ನುತ್ತಿದ್ದರು."

ಖರ್ಚಿನ ಅರ್ಧವನ್ನು ಮಾತ್ರ ಬೆಲೆಯಿಂದ ಕಳೆಯಬೇಕೆಂದು ಮೇಷ್ಟರು, ಪೂರ್ತಿಯಾಗಿ ಕಳೆಯಬೇಕೆಂದು ಆಕೆ ಪಟ್ಟು ಹಿಡಿದರು. ಮೆಕ್ಯಾನಿಕ್ ಪ್ಲಗ್ಗುಗಳನ್ನು ಮತ್ತೆ ಬಿಗಿದು, ಕೈ ತೊಳೆದುಕೊಂಡು ಬರುವ ವೇಳೆಗೆ ಅವನ ಪಾಲಿನ ಕಾಫಿ ಆರಿತ್ತು. ಅವರ ವಾದ ಮುಗಿದಿರಲಿಲ್ಲ.