ಬಿದ್ದು ಬಂದ ಜಾಕೆಟ್ಟುಗಳು

ಬೆಂಗಳೂರಿನ ಬೈಕ್ ಸವಾರರು ಮೊದಮೊದಲು ಜಾಕೆಟ್ ಹಾಕಿದ್ದು ಚಳಿಗೆ. ಬಿದ್ದರೆ ಮೈ ಉಳಿಯಲಿ ಎಂಬ ಲೆಕ್ಕ ಆಗ ಹೆಚ್ಚಿನವರಿಗೆ ಇರಲಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಯೆಜ್ದಿ, ಬುಲೆಟ್, ಆರ್‌ಎಕ್ಸ್ 100 ಓಡಿಸುತ್ತಿದ್ದವರ ಮೈಮೇಲೆ ಇರುತ್ತಿದ್ದದ್ದು ಸ್ವೆಟರು, ವಿಂಡ್‌ಚೀಟರು, ಇಲ್ಲವೇ ರೆಕ್ಸಿನ್ ಕೋಟು. ನಸುಕಿನಲ್ಲಿ ನಂದಿಬೆಟ್ಟಕ್ಕೆ ಹೊರಡುವವರು ಅಂಗಿಯೊಳಗೆ ಎದೆಗೆ ದಿನಪತ್ರಿಕೆ ಮಡಚಿ ಇಟ್ಟುಕೊಳ್ಳುತ್ತಿದ್ದರು. ಅಪ್ಪಟ ಲೆದರ್ ಜಾಕೆಟ್ ಇದ್ದವನೆಂದರೆ ಒಂದೋ ಅವನ ಚಿಕ್ಕಪ್ಪ ಹೊರದೇಶದಲ್ಲಿರಬೇಕು, ಇಲ್ಲವೇ ಶಿವಾಜಿನಗರದಲ್ಲಿ ಗುರುತಿನ ದರ್ಜಿ ಇರಬೇಕು.

ಅಂಥ ದರ್ಜಿಗಳಿಗೆ ನೂಲು, ಜಿಪ್, ಲೈನಿಂಗ್ ಬಟ್ಟೆ ಕೊಡುವುದು ನಮ್ಮ ಮನೆಯ ವ್ಯಾಪಾರ. ಅಂಗಡಿ ನಗರ್ತಪೇಟೆಯಲ್ಲಿತ್ತು. ವಾರಕ್ಕೊಮ್ಮೆ ಮೂಟೆ ಕಟ್ಟಿಕೊಂಡು ಶಿವಾಜಿನಗರಕ್ಕೂ ಟ್ಯಾನರಿ ರಸ್ತೆಯ ಕಡೆಗೂ ಹೋಗುವುದು ನನ್ನ ಪಾಲಿನ ಕೆಲಸ. ಹೆಚ್ಚಿನ ಕಡೆ ಸರಕು ಇಳಿಸಿ ಚೀಟಿ ಬರೆಸಿಕೊಂಡು ಬರುತ್ತಿದ್ದೆ. ಒಂದು ಕಡೆ ಮಾತ್ರ ಕೂತುಬಿಡುತ್ತಿದ್ದೆ. ಅಲ್ಲಿದ್ದ ಹಿರಿಯ ದರ್ಜಿಯನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ನನಗೂ ಅವರು ಉಸ್ತಾದರೇ.

ತೊಗಲು ಬರುತ್ತಿದ್ದದ್ದು ಆಂಬೂರು, ರಾಣಿಪೇಟೆ, ವಾಣಿಯಂಬಾಡಿಗಳಿಂದ. ಚದರ ಅಡಿಯ ಲೆಕ್ಕದಲ್ಲಿ ವ್ಯಾಪಾರ. ಸಿನಿಮಾ ನೋಡಿ ಜಾಕೆಟ್ ಕೇಳಿಕೊಂಡು ಬಂದವರಿಗೆ ಕುರಿಯ ಮೆತ್ತನೆಯ ನಪ್ಪಾ ತೊಗಲು. ಬೈಕಿನವರು ಎಂದು ಗೊತ್ತಾದರೆ ಉಸ್ತಾದ್ ಅದನ್ನು ಪಕ್ಕಕ್ಕೆ ಸರಿಸಿ, ಒಂದು ಮಿಲಿಮೀಟರಿಗಿಂತ ದಪ್ಪದ ಹಸು ಅಥವಾ ಎಮ್ಮೆಯ ತೊಗಲನ್ನು ಹರಡುತ್ತಿದ್ದರು. ಇಡೀ ತೊಗಲಿನ ಗಟ್ಟಿತನ ಒಂದೇ ಅಲ್ಲ. ಬೆನ್ನೆಲುಬಿನ ಎರಡೂ ಬದಿ ಬಿಗಿ, ಹೊಟ್ಟೆಯ ಕಡೆ ಸಡಿಲ, ಎಳೆದರೆ ಜಗ್ಗುತ್ತದೆ. ಭುಜ, ಮೊಣಕೈ, ಬೆನ್ನಿನ ತುಂಡುಗಳನ್ನು ಬಿಗಿ ಭಾಗದಿಂದಲೇ ಕತ್ತರಿಸಬೇಕು. ಉಣ್ಣೆ ಕಚ್ಚಿದ ಕಲೆ, ಮುಳ್ಳುತಂತಿ ಗೀರಿದ ಗುರುತು ಎಲ್ಲಿವೆಯೆಂದು ಅಂಗೈಯಿಂದ ಸವರಿ ನೋಡಿ, ಸೀಮೆಸುಣ್ಣದಲ್ಲಿ ಸುತ್ತು ಹಾಕಿ, ಆಮೇಲೆ ಕತ್ತರಿ ಹಿಡಿಯುತ್ತಿದ್ದರು.

ಅಳತೆ ತೆಗೆಯುವುದು ಅಂಗಡಿಯೊಳಗಲ್ಲ. "ಸಾರ್, ಗಾಡಿ ಮೇಲೆ ಕೂತ್ಕೊಳ್ಳಿ, ಹ್ಯಾಂಡಲ್ ಹಿಡ್ಕೊಳ್ಳಿ" ಎಂದು ಗಿರಾಕಿಯನ್ನು ಓಣಿಗೆ ಕರೆತಂದು, ಅವನದೇ ಬೈಕಿನ ಮೇಲೆ ಕೂರಿಸಿ ಟೇಪು ಹಿಡಿಯುತ್ತಿದ್ದರು. ನಿಂತ ಮೈಗೆ ಹೊಲಿದ ತೋಳು, ಕೈ ಚಾಚಿದಾಗ ಮಣಿಕಟ್ಟು ಬಿಟ್ಟು ಮೇಲೆ ಸರಿಯುತ್ತದೆ. ಬಗ್ಗಿದಾಗ ಸೊಂಟ ಬಯಲಾಗುತ್ತದೆ. ಹಾಗಾಗಿ ಅವರ ಜಾಕೆಟ್ ಗೂಟಕ್ಕೆ ತಗುಲಿಸಿದಾಗ ತೋಳು ಬಾಗಿ ವಿಕಾರವಾಗಿ ಕಾಣುತ್ತಿತ್ತು. ಗಾಡಿಯ ಮೇಲೆ ಕೂತಾಗ ಮೈಗೆ ಮೈಯಾಗಿ ನಿಲ್ಲುತ್ತಿತ್ತು.

ಆದರೂ ಆಗಿನ ಜಾಕೆಟ್ಟುಗಳಲ್ಲಿ ಇದ್ದ ರಕ್ಷಣೆಯೆಂದರೆ ತೊಗಲು ಮಾತ್ರ. ಕೇಳಿದವರಿಗೆ ಮೊಣಕೈಗೆ ಸೀಟಿನ ಸ್ಪಂಜು ಇಟ್ಟು ಮೇಲೆ ಇನ್ನೊಂದು ಪದರ ಹೊಲಿಯುತ್ತಿದ್ದರು. ಸ್ಪಂಜು ಪೆಟ್ಟನ್ನು ನುಂಗುವುದಿಲ್ಲ ಎಂಬುದು ಆ ಓಣಿಯಲ್ಲಿ ಯಾರಿಗೂ ತಿಳಿದಿರಲಿಲ್ಲ.

ಎರಡು ಸಾವಿರದ ಆಚೆಗೆ ಗಾಡಿಗಳು ಬದಲಾದವು. 2001ರಲ್ಲಿ ಪಲ್ಸರ್, 2003ರಲ್ಲಿ ಕರಿಜ್ಮಾ. ತುಮಕೂರು, ಚಿತ್ರದುರ್ಗದ ಹೆದ್ದಾರಿ ಅಗಲವಾಯಿತು. ಭಾನುವಾರ ಬೆಳಗಾದರೆ ಗುಂಪುಗುಂಪಾಗಿ ಹೊರಡುವ ಹುಡುಗರು ಕಾಣತೊಡಗಿದರು. ವೇಗದ ಜೊತೆ ಬೀಳುವುದೂ ಬಂತು. ಉಸ್ತಾದರ ಅಂಗಡಿಗೆ ಹೊಸ ಜಾಕೆಟ್ ಕೇಳುವವರ ಜೊತೆ, ಬಿದ್ದು ಹರಿದ ಜಾಕೆಟ್ ಹಿಡಿದುಕೊಂಡು ಬರುವವರೂ ಶುರುವಾದರು. ಅದೇ ಹೊತ್ತಿಗೆ ಸಾಫ್ಟ್‌ವೇರ್ ಕಂಪನಿಗಳಿಂದ ಆನ್‌ಸೈಟ್ ಹೋಗಿಬಂದ ಹುಡುಗರು ಕಾರ್ಡುರಾ ಜಾಕೆಟ್ಟುಗಳನ್ನು ತಂದರು. ಒರಟು ನೈಲಾನ್ ನೇಯ್ಗೆ, ಒಳಗೆ ಬಿಚ್ಚಿಹಾಕುವ ಎರಡು ಪದರ, ಭುಜ ಮೊಣಕೈಗಳಲ್ಲಿ ಪ್ಯಾಡು.

ಅಂಥದ್ದೊಂದು ಮೊದಲ ಸಲ ರಿಪೇರಿಗೆ ಬಂದ ದಿನ ನಾನು ಅಲ್ಲೇ ಇದ್ದೆ. ಜಿಪ್ ಕೆಟ್ಟಿತ್ತು, ಅಷ್ಟೇ. ಉಸ್ತಾದ್ ಮಾತ್ರ ಮಾಲೀಕನ ಅಪ್ಪಣೆ ಕೇಳಿ ಮೊಣಕೈಯ ಹೊಲಿಗೆ ಬಿಚ್ಚಿದರು. ಒಳಗೆ ಮೂರು ಸಾಲು ಹೊಲಿಗೆ. ಹೊರಗಿನದು ಉಜ್ಜಿ ಹರಿದರೂ ಒಳಗಿನದು ಹಿಡಿದುಕೊಳ್ಳುವಂತೆ ಮಡಿಕೆ ಹಾಕಿದ್ದರು. ಅವರು ಬಹಳ ಹೊತ್ತು ಅದನ್ನೇ ತಿರುಗಿಸಿ ನೋಡಿ, "ಬಟ್ಟೆ ಬಿಡು ತಮ್ಮಾ, ಹೊಲಿಗೆ ಹಾಕಿದವನ ಕೈ ನೋಡು" ಎಂದರು. ಮುಂದಿನ ವಾರದಿಂದ ನನ್ನ ಮೂಟೆಯಲ್ಲಿ ದಪ್ಪ ಬಾಂಡೆಡ್ ನೈಲಾನ್ ನೂಲು ಹೆಚ್ಚಾಯಿತು.

ಬಿದ್ದು ಬಂದ ಜಾಕೆಟ್ಟುಗಳನ್ನು ಉಸ್ತಾದರ ಕೆಲಸದ ಹಲಗೆಯ ಮೇಲೆ ನೋಡುತ್ತಾ ನೋಡುತ್ತಾ ನನಗೆ ಒಂದು ತಿಳಿವಳಿಕೆ ಬಂತು. ಡಾಂಬರಿನ ಮೇಲೆ ಜಾರಿದ ಲೆದರ್ ಒರಟಾಗುತ್ತದೆ, ನಾರು ಏಳುತ್ತದೆ, ಬಣ್ಣ ಹೋಗುತ್ತದೆ. ತೂತು ಬೀಳುವುದು ಅಪರೂಪ. ಬಟ್ಟೆಯ ಜಾಕೆಟ್ಟಿನಲ್ಲಿ ಮೊಣಕೈ ಸವೆದು ತೂತಾಗಿ, ಅದರ ಅಂಚು ಕರಗಿ ಗಟ್ಟಿಯಾಗಿರುತ್ತದೆ. ನೈಲಾನ್, ಪಾಲಿಯೆಸ್ಟರ್ ಎರಡೂ ಉಜ್ಜಾಟದ ಬಿಸಿಗೆ ಕರಗುವ ನೂಲುಗಳು, ತೊಗಲು ಕರಗುವುದಿಲ್ಲ. ಹಾಗಾದರೆ ಲೆದರೇ ಮೇಲು ಎನ್ನಬೇಕು. ಆದರೆ ಗಾಯವಾದವರ ಜಾಕೆಟ್ಟುಗಳನ್ನು ನೋಡಿದರೆ ಕತೆ ಬೇರೆ. ಹೆಚ್ಚಿನವುಗಳಲ್ಲಿ ತೊಗಲೂ ಚೆನ್ನಾಗಿತ್ತು, ಬಟ್ಟೆಯೂ ಚೆನ್ನಾಗಿತ್ತು. ಹೊಲಿಗೆ ಬಾಯಿಬಿಟ್ಟಿತ್ತು. ಇಲ್ಲವೇ ತೋಳು ದೊಗಳೆಯಾಗಿ ಪ್ಯಾಡು ಪಕ್ಕಕ್ಕೆ ತಿರುಗಿ, ನೆಲಕ್ಕೆ ಬಡಿದದ್ದು ಬರೀ ಮೊಣಕೈ ಆಗಿತ್ತು. ತೊಗಲಿನ ಹೊಲಿಗೆಯಲ್ಲಿ ಇನ್ನೊಂದು ಅಪಾಯ: ಅಂದವಾಗಲಿ ಎಂದು ತೀರಾ ಒತ್ತೊತ್ತಾಗಿ ಹೊಲಿದರೆ ಸೂಜಿಯ ತೂತುಗಳ ಸಾಲು ಅಂಚೆಚೀಟಿಯ ಹಾಳೆಯಂತಾಗಿ, ಅಲ್ಲೇ ಹರಿದುಕೊಳ್ಳುತ್ತದೆ.

ಎಲ್ಲಕ್ಕಿಂತ ದೊಡ್ಡ ಗಾಯಗಳು ಆದದ್ದು ಜಾಕೆಟ್ಟೇ ಹಾಕದವರಿಗೆ. ಅವರಲ್ಲಿ ಹಲವರ ಮನೆಯಲ್ಲಿ ಒಳ್ಳೆಯ ಲೆದರ್ ಜಾಕೆಟ್ ಇತ್ತು. ಏಪ್ರಿಲ್ ಬಿಸಿಲಲ್ಲಿ ಸಿಲ್ಕ್ ಬೋರ್ಡಿನ ಸಿಗ್ನಲ್ಲಿನಲ್ಲಿ ನಿಲ್ಲುವವನು ಅದನ್ನು ಹೇಗೆ ಹಾಕಿಯಾನು? ಬೀರುವಿನಲ್ಲಿ ತೂಗುಹಾಕಿದ್ದರು. ಮಳೆಗಾಲ ಮುಗಿಯುವ ಹೊತ್ತಿಗೆ ಅದಕ್ಕೆ ಬೂಷ್ಟು ಹಿಡಿದಿರುತ್ತಿತ್ತು. ಮಲೆನಾಡಿನವರ ಪಾಡಂತೂ ಕೇಳುವುದೇ ಬೇಡ. ಚಾರ್ಮಾಡಿ ಘಾಟಿಯಲ್ಲಿ ಒಮ್ಮೆ ನೆನೆದ ಲೆದರ್ ದಿನಗಟ್ಟಲೆ ಒಣಗುವುದಿಲ್ಲ, ಬಣ್ಣ ಬಿಟ್ಟು ಅಂಗಿಗೆ ಹತ್ತುತ್ತದೆ. ಅವಸರಕ್ಕೆ ಬಚ್ಚಲೊಲೆಯ ಹತ್ತಿರ ಇಟ್ಟರೆ ಹಪ್ಪಳದಷ್ಟು ಗಟ್ಟಿಯಾಗಿ ಬಿರಿಯುತ್ತದೆ.

ಬಟ್ಟೆ ಗೆದ್ದದ್ದು ಇಲ್ಲಿ. ಪುಣೆಯ ಕ್ರಾಂಸ್ಟರ್, ಮುಂಬಯಿಯ ರೈನಾಕ್ಸ್‌ನಂಥ ನಮ್ಮ ದೇಶದ್ದೇ ಕಂಪನಿಗಳು ಜಾಳಿಗೆ ನೇಯ್ಗೆಯ, ಅಂದರೆ ಮೆಶ್ ಜಾಕೆಟ್ಟುಗಳನ್ನು ತಂದವು. ರಾಯಲ್ ಎನ್‌ಫೀಲ್ಡ್ ಗಾಡಿಯ ಜೊತೆಗೇ ಜಾಕೆಟ್ಟನ್ನೂ ಮಾರತೊಡಗಿತು. ಎದೆಯ ಮೇಲೆ ಗಾಳಿ ಆಡುವ ಜಾಕೆಟ್ಟನ್ನು ಹುಡುಗರು ದಿನವೂ ಆಫೀಸಿಗೆ ಹಾಕಿಕೊಂಡು ಹೋದರು. ಅದನ್ನು ಕಂಡಾಗ ನನಗೆ ನಿಜಕ್ಕೂ ಸಮಾಧಾನವಾಯಿತು. ಉಸ್ತಾದರಿಗೆ ಗಿರಾಕಿ ಕಡಿಮೆಯಾದರು ಎಂಬುದು ಗೊತ್ತಿದ್ದೂ ಆಯಿತು. ಬಟ್ಟೆಯ ಜಾಕೆಟ್ಟಿನ ತೊಂದರೆಗಳೂ ಇವೆ. ಮಳೆ ಪದರವನ್ನು ಒಳಗೆ ಹಾಕುವ ಜಾಕೆಟ್ಟಿನಲ್ಲಿ, ಶಿರಾಡಿಯಲ್ಲಿ ಮಳೆ ಹಿಡಿದಾಗ ಮರದಡಿ ನಿಂತು ಜಾಕೆಟ್ ಬಿಚ್ಚಬೇಕು. ಹೊರಗಿನ ಬಟ್ಟೆ ನೀರು ಕುಡಿದು ಭಾರವಾಗಿ, ಗಾಳಿಗೆ ಮೈ ಮರಗಟ್ಟುತ್ತದೆ. ಹತ್ತಿರದವರು ಕೇಳಿದರೆ ನಾನು ಮೇಲೆ ಹಾಕುವ ರೇನ್‌ಕೋಟನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ.

ಪ್ಯಾಡಿನ ವಿಷಯದಲ್ಲಿ ಮಾತ್ರ ಹಳೆಯ ಕಾಲಕ್ಕೆ ನಾನು ಯಾವ ರಿಯಾಯಿತಿಯನ್ನೂ ಕೊಡಲಾರೆ. ಯುರೋಪಿನ ಇಎನ್ 1621 ಗುರುತಿನ ಪ್ಯಾಡು ಬಂದಮೇಲೆ ಸ್ಪಂಜಿನ ಕಾಲ ಮುಗಿಯಿತು. ಭುಜ, ಮೊಣಕೈ, ಮಂಡಿಯ ಪ್ಯಾಡಿನ ಮೇಲೆ 50 ಜೂಲ್‌ನ ಪೆಟ್ಟು ಬೀಳಿಸಿ, ಒಳಗೆ ದಾಟುವ ಬಲ ಎಷ್ಟೆಂದು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ಇಡೀ ಜಾಕೆಟ್ಟಿಗೂ 2020ರಲ್ಲಿ ಇಎನ್ 17092 ಬಂತು. ಎಎಎ, ಎಎ, ಎ ಎಂದು ದರ್ಜೆ. ಸವೆತ, ಹರಿಯುವಿಕೆ, ಹೊಲಿಗೆಯ ಗಟ್ಟಿತನ ಎಲ್ಲವನ್ನೂ ನೋಡಿ ಕೊಡುವ ಗುರುತು ಅದು. ನಮ್ಮಲ್ಲಿ ಹೆಲ್ಮೆಟ್ಟಿಗೆ ಐಎಸ್‌ಐ ಕಡ್ಡಾಯ, ಜಾಕೆಟ್ಟಿನ ಬಗ್ಗೆ ಪೊಲೀಸರೂ ಕೇಳುವುದಿಲ್ಲ, ಕಾನೂನೂ ಕೇಳುವುದಿಲ್ಲ. ಹಾಗಾಗಿ ಒಳಗಿನ ಚೀಟಿಯನ್ನು ಕೊಳ್ಳುವವನೇ ಓದಬೇಕು.

ಲೆದರೋ ಬಟ್ಟೆಯೋ ಎಂಬ ವಾದಕ್ಕೆ ಪಂದ್ಯದ ಮೈದಾನಗಳಲ್ಲಿ ಉತ್ತರ ಸಿಕ್ಕು ಬಹಳ ಕಾಲವಾಗಿದೆ. ಮೋಟೋಜಿಪಿಯವರು ಇಂದಿಗೂ ಒಂದೇ ತುಂಡಿನ ತೊಗಲಿನ ಉಡುಪಿನಲ್ಲಿ ಓಡಿಸುತ್ತಾರೆ. ಅಲ್ಲಿ ನುಣ್ಣನೆಯ ಟ್ರ್ಯಾಕಿನ ಮೇಲೆ ದೂರದವರೆಗೆ ಜಾರುವುದೇ ಬೀಳುವ ಬಗೆ. 2015ರಲ್ಲಿ ಡಕಾರ್ ರ‍್ಯಾಲಿಯನ್ನು ಪೂರೈಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನ ಸಿ.ಎಸ್. ಸಂತೋಷ್. ಆ ಮರಳುಗಾಡಿನಲ್ಲಿ ಓಡಿಸುವವರದು ಬಟ್ಟೆಯ ಉಡುಪು, ಒಳಗೆ ಎದೆಬೆನ್ನಿಗೆ ಕವಚ. ನಮ್ಮ ಊರಿನ ಬೀಳುವಿಕೆ ಇವೆರಡರ ಹಾಗೂ ಅಲ್ಲ. ಇಲ್ಲಿ ಜಾರುವುದು ಸ್ವಲ್ಪ, ಆಮೇಲೆ ಡಿವೈಡರಿಗೋ ಫುಟ್‌ಪಾತಿನ ಕಲ್ಲಿಗೋ ಬಡಿಯುವುದು. ಅದಕ್ಕೇ ನನಗೆ ಮೊದಲು ಒಳ್ಳೆಯ ಪ್ಯಾಡು, ಆಮೇಲೆ ಅದು ಜಾಗ ಬಿಡದಂಥ ಬಿಗಿ ಅಳತೆ, ಆಮೇಲೆ ಹೊಲಿಗೆ, ಕೊನೆಗೆ ಮೇಲಿನ ವಸ್ತು. ದುಡ್ಡು ಕಡಿಮೆಯಿದ್ದವನು ದಪ್ಪ ಲೆದರಿನಲ್ಲಿ ಕಳಪೆ ಪ್ಯಾಡು ಕೊಳ್ಳುವುದಕ್ಕಿಂತ, ಸಾಧಾರಣ ಬಟ್ಟೆಯಲ್ಲಿ ಲೆವೆಲ್ 2 ಪ್ಯಾಡು ಕೊಳ್ಳಲಿ.

ಈ ಬದಲಾವಣೆಯಲ್ಲಿ ಕಳೆದುಹೋದದ್ದು ಅಳತೆ. ರೆಡಿಮೇಡಿನಲ್ಲಿ ಎಸ್, ಎಂ, ಎಲ್ ಅಷ್ಟೇ. ನಡು ಸರಿಹೋದರೆ ತೋಳು ದೊಗಳೆ, ತೋಳು ಸರಿಹೋದರೆ ಹೊಟ್ಟೆ ಬಿಗಿ. ಉಸ್ತಾದ್ ಈಗಿಲ್ಲ. ಅವರ ಮಗ ಅದೇ ಓಣಿಯಲ್ಲಿದ್ದಾನೆ, ಕೆಲಸದಲ್ಲಿ ಅರ್ಧ ಇಂಥ ಜಾಕೆಟ್ಟುಗಳ ತೋಳು ಬಿಗಿಮಾಡುವುದು, ಪ್ಯಾಡಿನ ಜೇಬನ್ನು ಮೊಣಕೈಗೆ ಸರಿಯಾಗಿ ಸರಿಸುವುದು. ಪ್ಯಾಂಟಿನ ಕೆಲಸ ಈಗಲೂ ಕಡಿಮೆ. ಸಾವಿರಾರು ರೂಪಾಯಿಯ ಜಾಕೆಟ್ ಹಾಕಿ, ಕೆಳಗೆ ತೆಳು ಜೀನ್ಸಿನಲ್ಲಿ ಹೋಗುವವರನ್ನು ಕಂಡರೆ ಅವನಿಗೂ ಸಂಕಟ, ನನಗೂ ಸಂಕಟ. ಮೊದಲು ನೆಲಕ್ಕೆ ತಾಗುವುದರಲ್ಲಿ ಮಂಡಿ ಮತ್ತು ಸೊಂಟದ ಮೂಳೆಯೂ ಸೇರಿವೆ.

ಹೊಸದಾಗಿ ಅಳತೆಗೆ ಬರುವವರಲ್ಲಿ ಈಚೆಗೆ ಹೆಂಗಸರೇ ಹೆಚ್ಚು. ಅವರ ಮೈಗೆ ಒಪ್ಪುವ ಜಾಕೆಟ್ ಅಂಗಡಿಗಳಲ್ಲಿ ಸಿಗುವುದು ಕಷ್ಟ. ಗಂಡಸರ ಚಿಕ್ಕ ಸೈಜನ್ನೇ ಕೈಗಿಡುತ್ತಾರೆ. ಹೋದ ತಿಂಗಳು ಹಾಸನದಿಂದ ಬಂದ ಒಬ್ಬ ಶಾಲಾ ಶಿಕ್ಷಕಿ ತಮ್ಮ ಹಿಮಾಲಯನ್ ಬೈಕಿನ ಮೇಲೆ ಕೂತು ಅಳತೆ ಕೊಟ್ಟರು. ಎದೆ, ಬೆನ್ನಿಗೆ ಮೆಶ್, ಭುಜ ಮೊಣಕೈಗೆ ಎಮ್ಮೆಯ ತೊಗಲು, ಒಳಗೆ ಲೆವೆಲ್ 2 ಪ್ಯಾಡು ಎಂದು ತೀರ್ಮಾನವಾಯಿತು. ಜೊತೆಗೆ ಪ್ಯಾಂಟನ್ನೂ ಕೇಳಿದರು. ಮುಂಗಾರಿಗೆ ಮೊದಲು ಕೊಡಲಾಗುತ್ತದೆಯೇ ಎಂದದ್ದಕ್ಕೆ "ಮೇ ಒಳಗೆ ಕೊಡ್ತೀನಿ ಮೇಡಂ, ಒಂದು ಸಲ ಟ್ರಯಲ್‌ಗೆ ಗಾಡಿ ತಗೊಂಡೇ ಬರಬೇಕು" ಎಂದ ಉಸ್ತಾದರ ಮಗ. ಅದಕ್ಕೆ ಬೇಕಾದ ನೂಲು, ಜಿಪ್ ಮೊನ್ನೆಯೇ ಕಳಿಸಿದ್ದೇನೆ.