ಒಂದು ರೂಪಾಯಿಯ ದಂಡ

ನಮ್ಮ ಅಡಿಗೆಮನೆಯ ಮಾಡದಲ್ಲಿ ಈಗ ಜೀರಿಗೆ ತುಂಬಿಕೊಂಡು ಕುಳಿತಿರುವ ತಗಡಿನ ಡಬ್ಬಿಯು ಕಳೆದ ವರ್ಷ ಜೂನ್ ತಿಂಗಳಿನಿಂದ ಗಣೇಶ ಚೌತಿಯವರೆಗೆ ನಮ್ಮ ಮನೆಯ ನ್ಯಾಯಾಲಯವಾಗಿದ್ದಿತು. ಅದನ್ನು ಸ್ಥಾಪಿಸಿದವರು ನಾವೇ, ನ್ಯಾಯಾಧೀಶರೂ ನಾವೇ. ರಾತ್ರಿಯ ಊಟದ ಹೊತ್ತಿನಲ್ಲಿ ಮಕ್ಕಳ ಬಾಯಿಂದ ಒಂದು ಮರಾಠಿ ಶಬ್ದ ಬಿದ್ದರೆ ಡಬ್ಬಿಯಲ್ಲಿ ಒಂದು ರೂಪಾಯಿ ಬೀಳಬೇಕು. ಅದೂ ಅವರವರ ಕೈಖರ್ಚಿನ ಹಣದಿಂದಲೇ.

ಇದಕ್ಕೆ ಕಾರಣವಿಲ್ಲದಿರಲಿಲ್ಲ. ನಮ್ಮದು ಅಕ್ಕಲಕೋಟೆ ತಾಲೂಕಿನ ಒಂದು ಸಣ್ಣ ಹಳ್ಳಿ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಈ ತಾಲೂಕು ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಿಂದ ಮಹಾರಾಷ್ಟ್ರದಲ್ಲಿದೆ. ಹೊಲದಲ್ಲಿ, ಮನೆಯಲ್ಲಿ, ಭಜನೆಯಲ್ಲಿ ಕನ್ನಡ. ಕಚೇರಿಯಲ್ಲಿ, ಬಸ್ಸಿನಲ್ಲಿ, ಬ್ಯಾಂಕಿನಲ್ಲಿ ಮರಾಠಿ. ನಾವು ಇಲ್ಲಿಯ ಕನ್ನಡ ಶಾಲೆಯ ಮುಖ್ಯೋಪಾಧ್ಯಾಯರು. ಪುಣೆಯ ಬಾಲಭಾರತಿ ಪ್ರಕಟಿಸುವ ಕನ್ನಡ ಪಠ್ಯಪುಸ್ತಕಗಳನ್ನು ಮೂವತ್ತು ವರ್ಷಗಳಿಂದ ಕಲಿಸುತ್ತ ಬಂದವರು. ಮನೆಮನೆಗೆ ಹೋಗಿ, "ಮಕ್ಕಳನ್ನು ಕನ್ನಡ ಶಾಲೆಗೇ ಹಾಕಿರಿ" ಎಂದು ಪಾಲಕರನ್ನು ಬೇಡಿಕೊಳ್ಳುವವರು. ಹೀಗಿರಲು, ಗಡಿಯಾಚೆಯ ಇಂಡಿಯಿಂದ ಬಂದ ಬೀಗರೊಬ್ಬರು ನಮ್ಮ ಮಕ್ಕಳ ಮಾತು ಕೇಳಿ, "ಮಾಸ್ತರ, ನಿಮ್ಮ ಹುಡುಗರ ಕನ್ನಡ ಅರ್ಧಾ ಮರಾಠಿ ಆಗ್ಯದಲ್ರಿ" ಎಂದು ನಕ್ಕುಬಿಟ್ಟರು. ನಗೆ ಅವರದು, ಉರಿ ನಮ್ಮದು. ಮರುದಿನವೇ ಡಬ್ಬಿ ಸಿದ್ಧವಾಯಿತು.

ಮೊದಮೊದಲು ಎಲ್ಲವೂ ವಿನೋದವಾಗಿಯೇ ಇದ್ದಿತು. ಹಿರಿಯ ಮಗ ತಾಲೂಕಿನ ಕಾಲೇಜಿಗೆ ಹೋಗುವವನು. ಅವನು ನಮ್ಮ ಮಾತಿನಲ್ಲಿಯೇ ತಪ್ಪು ಹಿಡಿಯತೊಡಗಿದ. "ಪಗಾರ ಅಂದ್ರಿ ಅಪ್ಪಾ, ರೂಪಾಯಿ ಹಾಕ್ರಿ" ಎಂದ. ಪಗಾರವೆಂಬುದು ಮರಾಠಿಯ ಸ್ವಂತ ಆಸ್ತಿಯಲ್ಲ, ಪೋರ್ಚುಗೀಸರಿಂದ ಬಂದ ಶಬ್ದ ಎಂದು ನಾವು ದೀರ್ಘವಾಗಿ ವಿವರಿಸಿ ದಂಡದಿಂದ ಪಾರಾದೆವು. ಶಾಲೆಯ ವಹಿ, ಹಜೇರಿಗಳೂ ನಮ್ಮ ಬಾಯಿಂದ ದಿನಕ್ಕೆ ಹತ್ತು ಬಾರಿ ಬರುತ್ತಿದ್ದವು. ಅವಕ್ಕೆ 'ವೃತ್ತಿಯ ಶಬ್ದ'ಗಳೆಂದು ವಿನಾಯಿತಿ ಕೊಟ್ಟುಕೊಂಡೆವು. ತಾನೇ ವಾದಿ, ತಾನೇ ನ್ಯಾಯಾಧೀಶನಾದರೆ ಇಂಥ ಅನುಕೂಲಗಳುಂಟು.

ಡಬ್ಬಿಯ ಲೆಕ್ಕವನ್ನೂ ಬರೆದಿಟ್ಟಿದ್ದೆವು. ಜೂನಿನ ಎರಡು ವಾರಗಳಲ್ಲಿ 38 ರೂಪಾಯಿ, ಜುಲೈಯಲ್ಲಿ 14, ಆಗಸ್ಟಿನಲ್ಲಿ ಎರಡೇ ಎರಡು. ನಮ್ಮ ಪದ್ಧತಿ ಫಲಿಸಿತೆಂದು ಎದೆಯುಬ್ಬಿತು. ಸಹೋದ್ಯೋಗಿಗಳ ಮುಂದೆ ಈ ಅಂಕಿಗಳನ್ನು ಹೇಳಿಕೊಂಡದ್ದೂ ಉಂಟು. ಮನೆಯಲ್ಲಿ ಊಟ ಬೇಗ ಮುಗಿಯತೊಡಗಿದುದನ್ನು ಮಾತ್ರ ನಾವು ಗಮನಿಸಲಿಲ್ಲ. ಕಿರಿಯವನು ನಮ್ಮ ಶಾಲೆಯಲ್ಲಿಯೇ ನಾಲ್ಕನೆಯ ತರಗತಿಯಲ್ಲಿದ್ದ. ಶಾಲೆಯಲ್ಲಿ 'ಸರ್', ಮನೆಯಲ್ಲಿ 'ಅಪ್ಪಾ' ಎನ್ನುವುದು ಅವನ ರೂಢಿ. ಅವನು ಒಂದು ರಾತ್ರಿ, ಇನ್ನೊಂದು ರೊಟ್ಟಿ ಬೇಕೇ ಎಂದು ಕೇಳಿದಾಗ, "ಸಾಕ್ರಿ ಸರ್" ಎಂದ. ಎಲ್ಲರೂ ನಕ್ಕರು. ನಾವೂ ನಕ್ಕೆವು.

ನಮ್ಮ ಗೃಹಿಣಿ ಮಾತ್ರ ನಗಲಿಲ್ಲ. ಪಾತ್ರೆ ತೆಗೆಯುತ್ತ, "ಹುಡುಗರ ಮಾತು ಸುದ್ಧ ಆಗ್ಯಾವಂತ ಹಿಗ್ಗಬ್ಯಾಡ್ರಿ. ಅವರು ನಿಮ್ಮ ಮುಂದ ಮಾತಾಡೂದ ಬಿಟ್ಟಾರ" ಎಂದರು. ಹೆಂಗಸರ ಕರುಳು ಎಂದು ಆ ಮಾತನ್ನು ಅಲ್ಲಿಗೇ ಬಿಟ್ಟೆವು.

ಚೌತಿಯ ರಜೆಯಲ್ಲಿ ಮಳೆ ಹಿಡಿದಿತ್ತು. ಕಿರಿಯವನು ಕಾಗದದ ದೋಣಿ ಮಾಡಲು ಅಕ್ಕನ ಚೀಲದ ತಳದಿಂದ ಒಂದು ಹಾಳೆಯನ್ನು ಎಳೆದು ತಂದ. ನಾಲ್ಕು ಮಡಿಕೆ ಮಾಡಿ ಇಟ್ಟಿದ್ದ ಹಾಳೆ. ಬಿಚ್ಚಿ ನೋಡಿದರೆ ಗಣಿತದ ಉತ್ತರಪತ್ರಿಕೆ. 20ಕ್ಕೆ 5 ಅಂಕ. ಕೆಳಗೆ ಪಾಲಕರ ಸಹಿಯ ಜಾಗ ಖಾಲಿ.

ಮಗಳು ನಮ್ಮ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಗಣಿತದಲ್ಲಿ ಹಿಂದೆ ಬಿದ್ದವಳಲ್ಲ. ದಿನವೂ ಹೋಗಿಬರುವಷ್ಟು ಸಮೀಪದಲ್ಲಿ ಕನ್ನಡ ಪ್ರೌಢಶಾಲೆ ಇಲ್ಲದ್ದರಿಂದ ಎಂಟನೆಯದಕ್ಕೆ ಮರಾಠಿ ಮಾಧ್ಯಮಕ್ಕೆ ಸೇರಿಸಿದ್ದೆವು. ಕನ್ನಡ ಶಾಲೆಯಲ್ಲಿ ಮರಾಠಿಯೂ ಒಂದು ವಿಷಯ; ಓದಲು ಬರೆಯಲು ಬರುತ್ತದೆ, ಮತ್ತೇನು ಕಷ್ಟ ಎಂದುಕೊಂಡಿದ್ದೆವು. ಹತ್ತಿರ ಕೂಡಿಸಿಕೊಂಡು ಕೇಳಿದಾಗ ಒಂದೊಂದೇ ಹೊರಬಿದ್ದಿತು. ನಾವು ವೃತ್ತವೆಂದು ಕಲಿಸಿದುದು ಅಲ್ಲಿ ವರ್ತುಳ. ನಮ್ಮ ಭಿನ್ನರಾಶಿ ಅಲ್ಲಿ ಅಪೂರ್ಣಾಂಕ. ಲೆಕ್ಕ ಬರುತ್ತದೆ, ಪ್ರಶ್ನೆಯೇ ತಿಳಿಯುವುದಿಲ್ಲ. ಕನ್ನಡದಲ್ಲಿ ಕಲ್ಲು, ದಾರಿ, ಪುಸ್ತಕ ಎಲ್ಲವೂ 'ಅದು'. ಮರಾಠಿಯಲ್ಲಿ ಕಲ್ಲು ಗಂಡು, ದಾರಿ ಹೆಣ್ಣು, ಪುಸ್ತಕ ನಪುಂಸಕ. ಅವಳು ಎದ್ದುನಿಂತು ಪುಸ್ತಕವನ್ನು ಗಂಡಾಗಿಸಿ ಮಾತಾಡಿದಾಗ ವರ್ಗವೆಲ್ಲ ನಕ್ಕಿತಂತೆ. ಅಂದಿನಿಂದ ಅಲ್ಲಿಯೂ ಬಾಯಿ ತೆರೆದಿಲ್ಲ. ಸಹಿಯಿಲ್ಲದ ಹಾಳೆಗಾಗಿ ಎಂಟು ದಿನ ಗಣಿತದ ತಾಸಿನಲ್ಲಿ ನಿಂತುಕೊಂಡೇ ಇದ್ದಳು.

"ನಮಗ ಯಾಕ ಹೇಳಲಿಲ್ಲವಾ?" ಎಂದೆವು.

"ಹೇಳಾಕ ಬಂದಿದ್ದೆರಿ. 'ನಾಳಿ ಚಾಚಣಿ ಅದ' ಅಂದೆ. ನೀವು, 'ಚಾಚಣಿ ಅಲ್ಲ, ಕಿರುಪರೀಕ್ಷೆ, ಹಾಕು ರೂಪಾಯಿ' ಅಂದ್ರಿ. ಸಾಳೀದು ಹೇಳಬೇಕಂದ್ರ ಎಲ್ಲಾ ಮರಾಠಿ ಮಾತ ಬರ್ತಾವರಿ ಅಪ್ಪಾ. ಅಷ್ಟು ರೊಕ್ಕ ನನ್ನ ಬಲ್ಲಿ ಇರಲಿಲ್ಲ."

ಅಗಸ್ಟಿನ ಆ ಎರಡು ರೂಪಾಯಿಗಳಲ್ಲಿ ಒಂದು ಇದೇ ಆಗಿದ್ದಿತು.

ಅಧ್ಯಾಪಕ ತರಬೇತಿಯ ಮೊದಲ ವರ್ಷದಲ್ಲಿಯೇ ನಮಗೆ ಕಲಿಸಿದ ಪಾಠವೊಂದಿದೆ: ಮಗು ಮಾತಾಡುವಾಗ ನಡುವೆ ತಡೆದು ತಿದ್ದಬೇಡ, ಆಡಿ ಮುಗಿಸಲು ಬಿಡು. ವರ್ಗದಲ್ಲಿ ನಾವು ಇದನ್ನು ಮೀರಿದ್ದು ಕಡಿಮೆ. ನಮ್ಮ ಶಾಲೆಗೆ ಬರುವ ಹೊಸ ಶಿಕ್ಷಕರಿಗೂ ಇದನ್ನೇ ಹೇಳುತ್ತೇವೆ. ಮನೆಯ ಹೊಸ್ತಿಲು ದಾಟಿದೊಡನೆ ಅದು ಮರೆತುಹೋಗುವುದೇಕೆ? ಪರರ ಮಕ್ಕಳು ತಪ್ಪಿದರೆ ಅವರಿಗೆ ಕಲಿಸಬೇಕೆನಿಸುತ್ತದೆ. ನಮ್ಮ ಮಕ್ಕಳು ತಪ್ಪಿದರೆ ನಮ್ಮ ಮಾನ ಹೋದಂತೆನಿಸುತ್ತದೆ. ನಾವು ಕಾಯುತ್ತಿದ್ದುದು ಕನ್ನಡವನ್ನೋ, ಇಂಡಿಯ ಬೀಗರ ಎದುರಿನ ನಮ್ಮ ಮುಖವನ್ನೋ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಸೊಲ್ಲಾಪುರದಲ್ಲಿ 1912ರಲ್ಲಿ ಜನಿಸಿದ ಜಯದೇವಿತಾಯಿ ಲಿಗಾಡೆಯವರು ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡವನ್ನು ತಾವಾಗಿ ಕಲಿತು, ಕಾವ್ಯ ಬರೆದು, 1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷೆಯಾದರು. ಈ ಮಾತನ್ನು ಪಾಲಕರ ಸಭೆಗಳಲ್ಲಿ ಎಷ್ಟು ಸಲ ಹೇಳಿದ್ದೇವೋ! ರೂಪಾಯಿಯ ದಂಡದಿಂದ ಯಾರೂ ಅವರಿಗೆ ಕನ್ನಡದ ಮೇಲೆ ಪ್ರೀತಿ ಹುಟ್ಟಿಸಿರಲಾರರು.

ಬೆಳಿಗ್ಗೆ ಉತ್ತರಪತ್ರಿಕೆಗೆ ಸಹಿ ಹಾಕಿದೆವು. ಡಬ್ಬಿಯ 54 ರೂಪಾಯಿಗಳನ್ನು ಮಕ್ಕಳ ಮುಂದೆ ಸುರಿದು, ಅವರವರ ಲೆಕ್ಕದಂತೆ ಹಂಚಿದೆವು. ಹಿರಿಯವನು ಪಗಾರದ ರೂಪಾಯಿಯನ್ನು ಬಡ್ಡಿಸಹಿತ ಕೇಳಿದ, ಕೊಟ್ಟೆವು.

ಮಾತು ಒಮ್ಮೆಲೇ ಮರಳಲಿಲ್ಲ. ದೀಪಾವಳಿಯವರೆಗೂ ಮಗಳು ನಮ್ಮೆದುರು ಒಂದು ವಾಕ್ಯ ಆಡುವ ಮೊದಲು ಕ್ಷಣಕಾಲ ತಡೆಯುತ್ತಿದ್ದಳು, ಶಬ್ದಗಳನ್ನು ಎಣಿಸುವವಳಂತೆ. ಆ ತಡೆಯನ್ನು ನೋಡುವುದೇ ನಮಗೆ ವಿಧಿಸಿದ ದಂಡವಾಯಿತು. ರಾತ್ರಿ ಅವಳ ಮರಾಠಿ ಗಣಿತವನ್ನು ಇಬ್ಬರೂ ಕೂಡಿ ಓದತೊಡಗಿದೆವು. ಲಿಂಗಗಳಲ್ಲಿ ನಾವು ಈಗಲೂ ತಪ್ಪುತ್ತೇವೆ. ಅವಳು ನಾವು ವಾಕ್ಯ ಮುಗಿಸುವವರೆಗೆ ಕಾಯ್ದು ಆಮೇಲೆ ತಿದ್ದುತ್ತಾಳೆ.

ಮೊನ್ನೆ ಊಟದ ಹೊತ್ತಿನಲ್ಲಿ ಅವಳು ಶಾಲೆಯ ಸುದ್ದಿ ಹೇಳುತ್ತಿದ್ದಳು. ಸಹಲ್, ಬಾಕ, ಚಾಚಣಿ ಎಲ್ಲವೂ ಬಂದವು. ಶೇಂಗಾ ಚಟ್ನಿಯ ಬಟ್ಟಲು ಎರಡು ಸುತ್ತು ತಿರುಗಿತು, ರೊಟ್ಟಿ ಆರಿದವು. ನಡುವೆ ಥಟ್ಟನೆ ನಿಂತು ನಮ್ಮತ್ತ ತಿರುಗಿ ಕೇಳಿದಳು:

"ಅಪ್ಪಾ, ವರ್ತುಳಕ್ಕ ನೀವು ನಮಗ ಏನಂತ ಕಲಿಸಿದ್ರಿ? ಮರತೇ ಹೋಯ್ತು ನೋಡ್ರಿ."

"ವೃತ್ತ" ಎಂದೆವು.

"ಹಾಂ, ವೃತ್ತ" ಎಂದು ಸುದ್ದಿ ಮುಂದುವರಿಸಿದಳು.