ವರ್ಷಕ್ಕೊಂದು ಗೋಡೆ: ದೇವನೂರಿನ ನಮ್ಮ ತೋಟದ ಮನೆ

ಚಿಕ್ಕಮಗಳೂರು ಜಿಲ್ಲೆ ನಮ್ಮದು ಅಂದ ತಕ್ಷಣ ಆಫೀಸಿನಲ್ಲಿ ಎಲ್ಲರೂ ಕೇಳೋದು ಒಂದೇ ಪ್ರಶ್ನೆ: "ಕಾಫಿ ತೋಟ ಇದೆಯಾ?"

ಇಲ್ಲ. ನಮ್ಮದು ದೇವನೂರು, ಕಡೂರು ತಾಲ್ಲೂಕು. ಜಿಲ್ಲೆ ಅದೇ, ಆದರೆ ಬೆಟ್ಟದ ಈಚೆ ಮಗ್ಗುಲು. ಮುಂಗಾರಿನ ಮೋಡ ಬಾಬಾಬುಡನ್‌ಗಿರಿಯ ಮೇಲೆ ಚೆನ್ನಾಗಿ ಸುರಿದು, ಹಗುರಾಗಿ ನಮ್ಮ ಕಡೆ ಬರುವಷ್ಟರಲ್ಲಿ ಉಳಿದಿರೋದು ಬರೀ ಗಾಳಿ. ಇಲ್ಲಿ ಮಂಜೂ ಇಲ್ಲ, ಜಲಪಾತವೂ ಇಲ್ಲ. ತೆಂಗು, ರಾಗಿ, ಹುರುಳಿ, ಮತ್ತೆ ಬೇಸಿಗೆ ಬಂತು ಅಂದ್ರೆ ಬೋರ್‌ವೆಲ್ ಕೊರೆಯೋ ಲಾರಿಗಳು.

ಆದರೆ ನಮ್ಮೂರಿಗೆ ಬೇರೆ ಹೆಮ್ಮೆ ಇದೆ. ಜೈಮಿನಿ ಭಾರತ ಬರೆದ ಕವಿ ಲಕ್ಷ್ಮೀಶ ಇಲ್ಲಿಯವನು. ಅವನ ಕಾವ್ಯದಲ್ಲಿ ಬರುವ ದೇವಪುರದ ಲಕ್ಷ್ಮೀರಮಣ ನಮ್ಮೂರ ದೇವಸ್ಥಾನದ ದೇವರೇ ಅಂತ ಊರಲ್ಲಿ ಯಾರನ್ನು ಕೇಳಿದ್ರೂ ಹೇಳ್ತಾರೆ. ಸುರಪುರದ ಕಡೆಯವರು ಕವಿ ನಮ್ಮವನು ಅಂತಾರೆ. ಆ ಜಗಳ ವಿದ್ವಾಂಸರಿಗೆ ಬಿಡೋಣ. ಓದು ಬರಹ ಬಾರದ ನಮ್ಮಜ್ಜಿಗೆ 34 ಸಂಧಿಗಳ ಆ ಕಾವ್ಯದ ಚಂದ್ರಹಾಸನ ಕಥೆ ಪೂರ್ತಿ ಗೊತ್ತಿತ್ತು. ಗಮಕ ಕೇಳಿ ಕೇಳಿಯೇ ಕಲಿತದ್ದು.

ಇಂಥ ಊರಲ್ಲಿ ನಮಗೆ ಉಳಿದುಕೊಳ್ಳೋಕೆ ಒಂದು ಸೂರಿರಲಿಲ್ಲ. ಹಳೇ ಮನೆ ಮೂರು ಪಾಲಾಯ್ತು. ದೊಡ್ಡಪ್ಪ ತಮ್ಮ ಪಾಲು ಮಾರಿದರು, ಚಿಕ್ಕಪ್ಪನ ಪಾಲಿನ ಗೋಡೆ ಒಂದು ಮಳೆಗೆ ಕೂತುಹೋಯ್ತು. ನಮ್ಮ ಪಾಲಿಗೆ ಬಂದದ್ದು ಒಂದಷ್ಟು ಹೆಂಚು, ಎರಡು ಬಾಗಿಲು ಮತ್ತು ಊರಾಚೆಯ ಒಂದೂವರೆ ಎಕರೆ ತೆಂಗಿನ ತೋಟ. ತೇರಿಗೆ ಬಂದರೂ ಸಂಜೆಯೊಳಗೆ ಕಡೂರಿಗೆ ಓಡಿ ರೈಲು ಹಿಡೀಬೇಕು. ಅಪ್ಪನಿಗೆ ಅದೊಂದು ಕೊರಗು. "ನಮ್ಮೂರಿಗೆ ನಾವೇ ನೆಂಟರಾಗ್ಬಿಟ್ವಲ್ಲ" ಅನ್ನೋರು.

ನಿಧಾನ ಯಾಕೆ?

ಸ್ವಲ್ಪ ಸ್ವಲ್ಪವಾಗಿ ಮನೆ ಕಟ್ಟೋದು ಕೇಳೋಕೆ ಚೆಂದ. ಆದರೆ ನಾವು ನಿಧಾನವಾಗಿ ಕಟ್ಟಿದ್ದು ಶೋಕಿಗಲ್ಲ. ಕನ್ವರ್ಷನ್ ಆಗದ ಕೃಷಿ ಜಮೀನಿನಲ್ಲಿ ಮನೆ ಕಟ್ಟೋಕೆ ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲ ಕೊಡೋದಿಲ್ಲ. ನನಗೂ ಅಣ್ಣನಿಗೂ ಬೆಂಗಳೂರಿನಲ್ಲಿ ಬಾಡಿಗೆ, ಇಎಂಐ ಎರಡೂ ಇದ್ದವು. ಹಾಗಾಗಿ ವರ್ಷದ ಬೋನಸ್ ಬಂದಾಗ ಒಂದು ಕೆಲಸ, ಮುಂದಿನ ಬೋನಸ್‌ಗೆ ಇನ್ನೊಂದು ಅಂತ 2016ರಲ್ಲಿ ತೀರ್ಮಾನ ಮಾಡಿದ್ವಿ.

ಕಾನೂನಿನ ಮಾತು ಒಂದೇ ಸಾಲಲ್ಲಿ ಹೇಳಿಬಿಡ್ತೀನಿ. ರೈತ ತನ್ನ ಸ್ವಂತ ಬಳಕೆಗೆ ಜಮೀನಿನಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಂ ಅವಕಾಶ ಕೊಡುತ್ತೆ, ಆದರೆ ಹಿಡುವಳಿಯ ಶೇ 10ಕ್ಕಿಂತ ಹೆಚ್ಚು ಜಾಗದಲ್ಲಿ ಕಟ್ಟುವಂತಿಲ್ಲ. ನಮ್ಮ ಒಂದೂವರೆ ಎಕರೆ ಅಂದ್ರೆ 60 ಗುಂಟೆ. ಅದರ ಹತ್ತನೇ ಒಂದು ಭಾಗ 6 ಗುಂಟೆ. ನಾವು ಯೋಚಿಸಿದ್ದು 420 ಚದರ ಅಡಿಯ ಒಂದು ಕೋಣೆ, ಅಡುಗೆಮನೆ ಮತ್ತು ಜಗಲಿ. ಹಾಗಾಗಿ ತೊಂದರೆಯೇ ಇರಲಿಲ್ಲ.

ಮೊದಲ ವರ್ಷ ಮನೆ ಅಲ್ಲ, ಮಣ್ಣು

ಮೊದಲ ವರ್ಷ ಒಂದು ಇಟ್ಟಿಗೆಯನ್ನೂ ಇಡಲಿಲ್ಲ. ಮಳೆ ಬಂದಾಗ ನೀರು ಎಲ್ಲಿ ನಿಲ್ಲುತ್ತೆ, ಎಲ್ಲಿ ಹರಿಯುತ್ತೆ, ಮಧ್ಯಾಹ್ನದ ಬಿಸಿಲು ಎಲ್ಲಿ ಬೀಳುತ್ತೆ ಅಂತ ನೋಡಿದ್ವಿ ಅಷ್ಟೇ. ಕಡೂರು ಸೀಮೆಯಲ್ಲಿ ಒಂದೇ ಹೊಲದಲ್ಲಿ ಎರಡು ಮಣ್ಣು ಸಿಗೋದುಂಟು. ನಮ್ಮ ತೋಟದ ತಗ್ಗಿನಲ್ಲಿ ಎರೆಮಣ್ಣು, ಮೇಲಿನ ದಿಬ್ಬದಲ್ಲಿ ಕೆಮ್ಮಣ್ಣು. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಸೀಳುತ್ತೆ. ಅದರ ಮೇಲೆ ಕಟ್ಟಿದ ಗೋಡೆಯೂ ಹಾಗೇ ಸೀಳುತ್ತೆ. ಹಾಗಾಗಿ ಬಾವಿಗೆ ದೂರವಾದ್ರೂ ದಿಬ್ಬವೇ ಸರಿ ಅಂತಾಯ್ತು. ಒಂದು ಶೌಚಾಲಯ, ಸುತ್ತ ಬೇಲಿ, ಪಡುವಣ ದಿಕ್ಕಿಗೆ ನಾಲ್ಕು ಹೊಂಗೆ ಸಸಿ. ಮೊದಲ ವರ್ಷದ ಲೆಕ್ಕ ಮುಗೀತು.

ಎರಡನೇ ವರ್ಷ ಬರ. ಕಡೂರು, ಅರಸೀಕೆರೆ, ತಿಪಟೂರು ಕಡೆಯವರು 2016-17 ಅನ್ನು ಮರೆಯೋಕಾಗಲ್ಲ. ಸಾಲು ಸಾಲು ತೆಂಗಿನ ಮರಗಳ ಸುಳಿ ಒಣಗಿ ಗರಿ ಜೋತುಬಿದ್ದವು. ನಮ್ಮ ತೋಟದಲ್ಲಿ 19 ಮರ ಹೋದವು. ಬೋರ್‌ವೆಲ್ ಕೊರೆಸಿದರೆ 650 ಅಡಿಗೂ ಧೂಳೇ. ಆ ವರ್ಷ ಬೋನಸ್ ಪೂರ್ತಿ ಆ ಗುಂಡಿಗೆ ಹೋಯ್ತು.

ಸತ್ತ ಮರಗಳನ್ನು ಸೌದೆಗೆ ಕೊಡೋಣ ಅಂದ್ರೆ ಅಪ್ಪ ಒಪ್ಪಲಿಲ್ಲ. ಬೇಗ ಕಡಿಸಿ, ಕಾಂಡದ ಹೊರಗಿನ ಗಟ್ಟಿ ಭಾಗವನ್ನು ಮಾತ್ರ ಮಿಲ್ಲಿನಲ್ಲಿ ಸೀಳಿಸಿ, ಗೆದ್ದಲು ಹತ್ತದ ಹಾಗೆ ವೇಸ್ಟ್ ಆಯಿಲ್ ಬಳಿದು ನೆರಳಲ್ಲಿ ಪೇರಿಸಿಟ್ಟರು. ಬಲಿತ ತೆಂಗಿನ ಹೊರಮೈ ಕಬ್ಬಿಣದ ಹಾಗೆ, ಒಳಗಿನದು ಮಾತ್ರ ಮೆತ್ತಗೆ. ಮೂರು ವರ್ಷ ಆದ್ಮೇಲೆ ಅವೇ ನಮ್ಮ ಸೂರಿನ ಜಂತೆಗಳಾದವು.

ಪಾಯ ಮಳೆ ಕುಡೀಬೇಕು

2018ರಲ್ಲಿ ಸೈಜುಗಲ್ಲಿನ ಪಾಯ ಹಾಕಿಸಿದ್ವಿ. ಮುಂದಿನ ತಿಂಗಳೇ ಗೋಡೆ ಎಬ್ಬಿಸೋ ಆತುರ ನಮ್ಮದು. ಮೇಸ್ತ್ರಿ ತಲೆ ಅಲ್ಲಾಡಿಸಿದರು. "ಅಕ್ಕಾ, ಪಾಯ ಒಂದು ಮಳೆಗಾಲ ನೀರು ಕುಡೀಲಿ. ಕೂರೋದೆಲ್ಲ ಕೂತ್ಕೊಳ್ಳಲಿ. ಆಮೇಲೆ ಗೋಡೆ." ದುಡ್ಡೂ ಇರಲಿಲ್ಲ ಅನ್ನಿ. ಆದರೆ ಅವರ ಮಾತು ನಿಜ. ಆ ಮಳೆಗಾಲದಲ್ಲಿ ಒಂದು ಮೂಲೆಯ ತುಂಬುಮಣ್ಣು ನಾಲ್ಕು ಬೆರಳು ಇಳೀತು. ಮತ್ತೆ ಮಣ್ಣು ಹಾಕಿ, ನೀರು ಬಿಟ್ಟು, ದಮ್ಮಸು ಮಾಡಿದ್ವಿ. ನಿಧಾನವಾಗಿ ಕಟ್ಟುವವರಿಗೆ ಸಿಗೋ ಲಾಭ ಇದು.

ಗೋಡೆಗೆ ಸುಟ್ಟ ಇಟ್ಟಿಗೆ ಬೇಡ ಅಂದವಳು ನಾನು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ 'ಅಸ್ತ್ರ' ಅನ್ನೋ ಗ್ರಾಮೀಣ ತಂತ್ರಜ್ಞಾನ ವಿಭಾಗ ಶುರುವಾಯ್ತು. ಹೊಗೆ ಕಡಿಮೆ ಮಾಡೋ ಅಸ್ತ್ರ ಒಲೆ ನಿಮ್ಮ ಅಜ್ಜಿ ಮನೆಯಲ್ಲೂ ಇದ್ದಿರಬಹುದು. ಅದು ಅಲ್ಲಿಂದಲೇ ಬಂದದ್ದು. ಪ್ರೊ. ಕೆ.ಎಸ್. ಜಗದೀಶ್ ಮತ್ತು ಜೊತೆಗಾರರು ಅಲ್ಲಿ ಒತ್ತಿದ ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ವಿಧಾನ ಸರಳ. ಮಣ್ಣಿಗೆ ಬೇಕಾದಷ್ಟು ಮರಳು, ಶೇ 7ರ ಆಸುಪಾಸು ಸಿಮೆಂಟು ಬೆರೆಸಿ, ಕೈಯಲ್ಲಿ ಒತ್ತೋ ಯಂತ್ರದಲ್ಲಿ ಅಚ್ಚು ಹಾಕೋದು. ಗೂಡು ಬೇಡ, ಸೌದೆ ಬೇಡ. ಮೂರು ವಾರ ಒದ್ದೆ ಗೋಣಿಚೀಲ ಹೊದಿಸಿ ನೀರು ಹಾಕಿದರೆ ಸಾಕು.

ಮಣ್ಣು ಸರಿಯಿದೆಯಾ ಅಂತ ನೋಡೋಕೆ ಗಾಜಿನ ಬಾಟಲಿ ಸಾಕು. ಕಾಲು ಭಾಗ ಮಣ್ಣು, ಉಳಿದದ್ದು ನೀರು ಹಾಕಿ ಚೆನ್ನಾಗಿ ಕುಲುಕಿ ಒಂದು ದಿನ ಬಿಡಿ. ತಳದಲ್ಲಿ ಮರಳು, ಅದರ ಮೇಲೆ ನುಣುಪು ಮಣ್ಣು, ಎಲ್ಲಕ್ಕಿಂತ ಮೇಲೆ ಜೇಡಿ. ಜೇಡಿಯ ಪದರ ದಪ್ಪ ಇದ್ರೆ ಮರಳು ಜಾಸ್ತಿ ಬೇಕು. ಮಳೆನೀರಿನ ತೊಟ್ಟಿಗೆ ಅಗೆದ ಕೆಮ್ಮಣ್ಣೇ ನಮ್ಮ ಗೋಡೆಯಾಯ್ತು. ಶನಿವಾರ ಭಾನುವಾರ ಅಣ್ಣ, ಅತ್ತಿಗೆ, ನಾನು, ಊರಿನ ಇಬ್ಬರು ಹುಡುಗರು ಸೇರಿ ಅಚ್ಚು ಹಾಕ್ತಿದ್ವಿ. ಸೋಮವಾರ ಬೆಳಿಗ್ಗೆ ಲ್ಯಾಪ್‌ಟಾಪ್ ಮುಂದೆ ಕೂತಾಗ ಬೆನ್ನು ಹಿಡ್ಕೊಂಡಿರೋದು.

ಅಪ್ಪನಿಗೆ ಟೈಮ್ ಇದೆಯಾ?

2019ರ ಕೊನೆಯಲ್ಲಿ ಅಪ್ಪನ ಹೃದಯಕ್ಕೆ ಸ್ಟೆಂಟ್ ಹಾಕಿದರು. ಗೋಡೆ ಆಗ ಕಿಟಕಿಯ ಮಟ್ಟಕ್ಕೆ ನಿಂತಿತ್ತು.

ಆಸ್ಪತ್ರೆಯ ಕಾರಿಡಾರಿನಲ್ಲೇ ಅಣ್ಣ ಹೇಳಿದ: "ಈ ಲೆಕ್ಕದಲ್ಲಿ ಹೋದ್ರೆ ಇನ್ನೂ ನಾಲ್ಕು ವರ್ಷ. ಅಪ್ಪ ಅದರಲ್ಲಿ ಇರೋದು ಯಾವಾಗ? ರೆಡಿಮೇಡ್ ಕ್ಯಾಬಿನ್ ಸಿಗುತ್ತೆ. ಲಾರೀಲಿ ತಂದು ಇಳಿಸ್ತಾರೆ, ಒಂದೇ ತಿಂಗಳು." ಅವನು ಹೇಳಿದ್ರಲ್ಲಿ ತಪ್ಪೇನಿರಲಿಲ್ಲ. ನಾವು ಯಾರಿಗೋಸ್ಕರ ಕಟ್ಟುತ್ತಿದ್ದೇವೋ ಅವರೇ ಇಲ್ಲದೇ ಹೋದರೆ ಮಣ್ಣಿನ ಇಟ್ಟಿಗೆಯ ತಂಪನ್ನ ಏನು ಮಾಡೋದು?

ವಾದ ಎರಡು ವಾರ ನಡೀತು. ಮುಗಿಸಿದ್ದು ಅಮ್ಮ. "ಇಡೀ ಮನೆ ಯಾಕೆ? ಮೊದಲು ಒಂದು ಕೋಣೆಗೆ ಸೂರು ಹಾಕಿ. ಉಳಿದದ್ದು ನಾವು ಅಲ್ಲಿದ್ದುಕೊಂಡೇ ಆಗ್ಲಿ."

2020ರ ಫೆಬ್ರವರಿಯಲ್ಲಿ ತೆಂಗಿನ ಜಂತೆ ಕೂರಿಸಿ, ರೀಪು ಹೊಡೆದು, ಹಳೇ ಮನೆಯ ಹೆಂಚು ಹೊದಿಸಿದ್ವಿ. ಹಳೇ ಬಾಗಿಲನ್ನೇ ನಿಲ್ಲಿಸಿ ಹೊಸಿಲಿಗೆ ಪೂಜೆ. ನೆಲಕ್ಕೆ ಸಗಣಿ ಸಾರಿಸಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಮಾರ್ಚ್ ಮಧ್ಯದಲ್ಲಿ ಅಪ್ಪ ಅಮ್ಮ ನಾಲ್ಕು ದಿನಕ್ಕೆ ಅಂತ ಹೋದರು. 25ರಿಂದ ದೇಶಕ್ಕೆಲ್ಲ ಲಾಕ್‌ಡೌನ್. ಅವರು ಆ ಒಂದು ಕೋಣೆಯಲ್ಲಿ ಕಳೆದದ್ದು 74 ದಿನ. ದಿನಾ ಸಂಜೆ ವಿಡಿಯೋ ಕಾಲ್‌ನಲ್ಲಿ ಅಪ್ಪನ ಹಿಂದೆ ಬರಿ ಇಟ್ಟಿಗೆ ಗೋಡೆ ಕಾಣೋದು. ಬೆಂಗಳೂರಿನಲ್ಲಿ ಸೊರಗಿದ್ದ ಮುಖ ಅಲ್ಲಿ ಬಿಸಿಲಿಗೆ ಕಪ್ಪಾಗಿ ಗೆಲುವಾಗಿತ್ತು.

ಮನೆ ಯಾರ ಹೆಸರಿಗೆ?

ಸೂರಾಯ್ತು. ಆಮೇಲೆ ಬಂತು ನೋಡಿ ಅಸಲು ಪ್ರಶ್ನೆ. ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇತ್ತು. ಅಪ್ಪ ತಮ್ಮ ಪಾಲಿಗೆ ಖಾತೆ ಮಾಡಿಸಿಕೊಂಡ ಮೇಲೆ, ಊಟದ ಹೊತ್ತಲ್ಲಿ ಸಹಜವಾಗಿ ಅಂದರು: "ಮುಂದೆ ಇದು ಅಣ್ಣನ ಹೆಸರಿಗೆ ಇರ್ಲಿ. ನೀನಂತೂ ಬಂದು ಹೋಗೋಳು."

ನಾನು ಅಚ್ಚು ಹಾಕಿದ ಇಟ್ಟಿಗೆಯ ಗೋಡೆಗೇ ಒರಗಿ ಕೂತಿದ್ದೆ. "ಬಂದು ಹೋಗೋಳು ಅಂದ್ರೆ ಅಣ್ಣಾನೂ ಬಂದು ಹೋಗೋನೇ ಅಲ್ವಾಪ್ಪಾ? ಅವನೂ ಬೆಂಗಳೂರಲ್ಲೇ ಇರೋದು."

ಕಾನೂನು ಏನು ಹೇಳುತ್ತೆ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಅಂತ 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಗೆ ತಿದ್ದುಪಡಿ ಆಯ್ತು. ಕರ್ನಾಟಕ ಅದಕ್ಕೂ ಮುಂಚೆ, 1994ರಲ್ಲೇ, ಆ ದಾರಿ ಹಿಡಿದಿತ್ತು. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತು. ಆದರೆ ಅಪ್ಪನ ಎದುರು ಕೂತು ಕಲಂ ನಂಬರ್ ಹೇಳೋಕೆ ಆಗುತ್ತಾ?

ನಮ್ಮಲ್ಲಿ ಒಂದು ನೋಟ್‌ಬುಕ್ ಇತ್ತು. ಯಾರು ಯಾವಾಗ ಏನು ಹಾಕಿದರು ಅಂತ ಅಮ್ಮ ಬರೆದಿಡುತ್ತಿದ್ದದ್ದು. ದುಡ್ಡು ಮಾತ್ರ ಅಲ್ಲ. "ಇಟ್ಟಿಗೆ 140, ಮಗಳು ಮತ್ತು ಸೊಸೆ, ಭಾನುವಾರ" ಅಂತ ಕೂಡ ಇತ್ತು. ಅಮ್ಮ ಒಂದೂ ಮಾತಾಡದೆ ಅದನ್ನ ತಂದು ಅಪ್ಪನ ಮುಂದಿಟ್ಟರು. ಅಪ್ಪ ಕನ್ನಡಕ ಹಾಕ್ಕೊಂಡು ಪುಟ ತಿರುವಿದರು. ಅಣ್ಣ ಕೈ ತೊಳೆಯೋಕೆ ಎದ್ದುಹೋದ. ಎರಡು ತಿಂಗಳು ಅವನು ನನ್ನ ಜೊತೆ ಮನೆಯ ವಿಷಯ ಎತ್ತಲೇ ಇಲ್ಲ. ಮೂರನೇ ತಿಂಗಳು ಅವನೇ ಫೋನ್ ಮಾಡಿದ: "ಕಿಟಕಿಗೆ ಗ್ರಿಲ್ ಮಾಡ್ಸಿದೀನಿ. ಶನಿವಾರ ಬಾ. ಹಾಗೇ ನಿನ್ನ ಆಧಾರ್ ಕಾಪಿನೂ ತಗೊಂಬಾ." ಈಗ ಪತ್ರದಲ್ಲಿ ಇಬ್ಬರ ಹೆಸರೂ ಇದೆ. ಅತ್ತಿಗೆ ನಕ್ಕು ಕೇಳಿದರು, "ನಾನು ಹೊತ್ತ ಮಣ್ಣಿಗೆ?" ಅದಕ್ಕೆ ನಮ್ಮ ಹತ್ತಿರ ಇನ್ನೂ ಉತ್ತರ ಇಲ್ಲ. ಕೇಳಬೇಕಾದ ಪ್ರಶ್ನೆಯೇ ಅದು.

ಮಳೆಯ ಲೆಕ್ಕ

ಬೋರ್ ಕೈಕೊಟ್ಟ ಮೇಲೆ ಸೂರೇ ನಮ್ಮ ಬಾವಿ. ಲೆಕ್ಕ ಬಾಯಲ್ಲೇ ಹಾಕಬಹುದು: ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. ಜಗಲಿ ಸೇರಿ ನಮ್ಮ ಸೂರು 50 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಬಂತು ಅಂದ್ಕೊಳ್ಳಿ, 30 ಸಾವಿರ ಲೀಟರ್. ಐದನೇ ಒಂದು ಭಾಗ ಪೋಲಾದರೂ 24 ಸಾವಿರ. ನಮ್ಮ ತೊಟ್ಟಿ 10 ಸಾವಿರದ್ದು. 2022ರಲ್ಲಿ ಮಳೆ ಧಾರಾಳವಾಗಿ ಬಂದು ತೊಟ್ಟಿ ಮತ್ತೆ ಮತ್ತೆ ತುಂಬಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ ಅಂತ ಘೋಷಣೆಯಾದಾಗ ಅದೇ ನೀರನ್ನ ಚೊಂಬಿನ ಲೆಕ್ಕದಲ್ಲಿ ಬಳಸಿದ್ವಿ.

ಏಳು ವರ್ಷಕ್ಕೆ ಒಟ್ಟು ಖರ್ಚು ಏಳು ಲಕ್ಷಕ್ಕೆ ಸ್ವಲ್ಪ ಕಮ್ಮಿ, ಬೋರ್‌ವೆಲ್ ಬಿಟ್ಟು. ಸಾಲ ಒಂದು ರೂಪಾಯಿ ಇಲ್ಲ. ರೆಡ್ ಆಕ್ಸೈಡ್ ನೆಲ 2021ರಲ್ಲಿ, ಅಡುಗೆಮನೆ ಮರುವರ್ಷ, ಜಗಲಿ 2023ರಲ್ಲಿ.

ನೀವೂ ಇಂಥದ್ದೇನಾದ್ರೂ ಯೋಚನೆ ಮಾಡ್ತಿದ್ರೆ ಮೂರೇ ಮಾತು. ಪಹಣಿ ಮೊದಲು, ಪಾಯ ಆಮೇಲೆ. ನೀರು ಮತ್ತು ಶೌಚಾಲಯ ಆಗದೆ ಗೋಡೆ ಎತ್ತಬೇಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಇಡೀ ಮನೆಗೆ ಕಾಯದೆ ಒಂದು ಕೋಣೆಯನ್ನ ಮುಂಚೆ ಮುಗಿಸಿ.

ಬೆಂಗಳೂರಿನಿಂದ ಬರೋರು ಶಿವಮೊಗ್ಗ ಅಥವಾ ಹುಬ್ಬಳ್ಳಿ ಕಡೆಯ ರೈಲು ಹಿಡಿದು ಕಡೂರಿನಲ್ಲಿ ಇಳೀಬಹುದು. ಲಕ್ಷ್ಮೀರಮಣನ ದರ್ಶನ ಮಾಡಿ. ಮಳೆ ಚೆನ್ನಾಗಿ ಆದ ವರ್ಷವಾದರೆ ಸಖರಾಯಪಟ್ಟಣದ ಹತ್ತಿರ ಶಕುನಗಿರಿಯ ಬುಡದಲ್ಲಿರೋ ಅಯ್ಯನಕೆರೆ ನೋಡಿ. ಈ ಒಣ ಸೀಮೆಯಲ್ಲಿ ಅಷ್ಟು ನೀರು ಒಟ್ಟಿಗೆ ಕಂಡಾಗ ನಮ್ಮೂರಿನವರು ಯಾಕೆ ಸುಮ್ಮನೆ ನಿಂತುಬಿಡ್ತಾರೆ ಅಂತ ಗೊತ್ತಾಗುತ್ತೆ.

ಮನೆ ಇನ್ನೂ ಮುಗಿದಿಲ್ಲ. ಹೊರಗಿನ ಎರಡು ಗೋಡೆಗೆ ಗಾರೆ ಆಗಬೇಕು, ಅಮ್ಮನ ಅಡುಗೆಮನೆಗೆ ಇನ್ನೊಂದು ಕಿಟಕಿ ಬೇಕು. ಈ ಸಲದ ಬೋನಸ್ ಮಾತ್ರ ಜಗಲಿಯ ಕಲ್ಲುಬೆಂಚಿಗೆ. ಅಪ್ಪ ಸುಣ್ಣದಲ್ಲಿ ಗುರುತು ಹಾಕಿ ಆಗಿದೆ. ಬೆಂಚು ಬರೋದು ಪಶ್ಚಿಮಕ್ಕೆ ಮುಖ ಮಾಡಿ, ಮೋಡ ಬರೋ ದಿಕ್ಕಿಗೆ.